ಆ ಕಪ್ಪು ತುಕ್ಕನ್ನು ಮುಟ್ಟಬೇಡಿ: ಜಪಾನಿ ಕತ್ತಿಗಳ ಅಂಗಡಿಯಲ್ಲಿ ಕಲಿತದ್ದು

ಕೊಡಗಿನ ಹುಡುಗನೊಬ್ಬ ಕಳಿಸಿದ ಫೋಟೋ ತೆರೆದಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ರಫ್ತಿನ ಅರ್ಜಿ ತುಂಬುತ್ತಿದ್ದೆ. ಹಿಡಿ ಬಿಚ್ಚಿ ಮೇಜಿನ ಮೇಲೆ ಇಟ್ಟ ಒಂದು ಜಪಾನಿ ಕತ್ತಿ. ಹಿಡಿಯೊಳಗೆ ಅಡಗಿರಬೇಕಾದ ಭಾಗ ಹೊಸ ಸ್ಟೀಲ್ ಚಮಚದ ಹಾಗೆ ಥಳಥಳ ಹೊಳೆಯುತ್ತಿತ್ತು. ಕೆಳಗೆ ಬರೆದಿದ್ದ: "ಮೇಡಂ, ನಮ್ಮ ಅಜ್ಜನ ಅಪ್ಪ ಬರ್ಮಾ ಯುದ್ಧದಿಂದ ತಂದದ್ದು. ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆ ಕೋವಿ, ಒಡಿಕತ್ತಿ ಜೊತೆ ಇದನ್ನೂ ಇಡೋಣ ಅಂತ ವರ್ಕ್‌ಶಾಪಿನಲ್ಲಿ ಪೂರ್ತಿ ತುಕ್ಕು ತೆಗೆಸಿದೀವಿ. ಎಷ್ಟು ಹಳೇದು ಅಂತ ಹೇಳ್ತೀರಾ?"

ಬಹಳ ಹೊತ್ತು ಉತ್ತರ ಬರೆಯಲು ಕೈ ಬರಲಿಲ್ಲ. ಎಷ್ಟು ಹಳೆಯದೆಂದು ಹೇಳಬಲ್ಲ ಸಾಕ್ಷಿಯನ್ನೇ ಅವರು ಎಮರಿ ಚಕ್ರಕ್ಕೆ ಹಿಡಿದಿದ್ದರು.

ಟೋಕಿಯೋದ ಒಂದು ಹಳೆಯ ಕತ್ತಿಗಳ ಅಂಗಡಿಯಲ್ಲಿ ನನಗೆ ಇದು ಒಂಬತ್ತನೇ ವರ್ಷ. ಊರು ಮೈಸೂರು. ಜಪಾನಿ ಭಾಷೆ ಓದಲು ಬಂದೆ, ಇಂಗ್ಲಿಷ್ ಬಲ್ಲವರು ಬೇಕೆಂದು ಇಲ್ಲಿ ಸೇರಿಸಿಕೊಂಡರು. ಹೊರದೇಶದ ಗಿರಾಕಿಗಳೊಡನೆ ಮಾತು, ರಫ್ತಿನ ಕಾಗದಪತ್ರ, ತಿಂಗಳಿಗೊಮ್ಮೆ ಅಂಗಡಿಯ ಯಜಮಾನರ ಪಕ್ಕ ಕೂತು ಅಲಗುಗಳಿಗೆ ಎಣ್ಣೆ, ಇದು ನನ್ನ ಕೆಲಸ. ಈಚೆಗೆ ಕನ್ನಡದಲ್ಲೂ ಪ್ರಶ್ನೆಗಳು ಬರುತ್ತಿವೆ. ಮೊದಲ ಕತ್ತಿ ಕೊಳ್ಳಬೇಕೆನ್ನುವವರಿಗೂ, ಮನೆಯಲ್ಲಿ ಒಂದು ಉಳಿದುಕೊಂಡಿರುವವರಿಗೂ ನನಗೆ ತಿಳಿದಷ್ಟನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹಿಡಿಯೊಳಗೆ ಹೋಗುವ ಭಾಗಕ್ಕೆ ಜಪಾನಿಯಲ್ಲಿ ನಾಕಾಗೊ ಎನ್ನುತ್ತಾರೆ. ಅಲಗನ್ನು ಪ್ರತಿ ತಲೆಮಾರಿನಲ್ಲೂ ಸಾಣೆ ಹಿಡಿಯುತ್ತಾರೆ, ಒರೆ ಬದಲಾಗುತ್ತದೆ, ಹಿಡಿಯ ನೂಲು ಬದಲಾಗುತ್ತದೆ. ನಾಕಾಗೊ ಮಾತ್ರ ಕಮ್ಮಾರ ಅರದಿಂದ ಉಜ್ಜಿ, ಉಳಿಯಿಂದ ಹೆಸರು ಕೊರೆದು ಬಿಟ್ಟ ಹಾಗೆಯೇ ಇರುತ್ತದೆ. ಅದರ ಮೇಲೆ ನಿಧಾನವಾಗಿ ಕೂತ ಕಪ್ಪು ತುಕ್ಕು ಕಬ್ಬಿಣವನ್ನು ತಿನ್ನುವ ಕೆಂಪು ತುಕ್ಕಲ್ಲ. ಬಣ್ಣ, ದಪ್ಪ, ಅಕ್ಷರದ ಗೀರಿನೊಳಗೆ ಅದು ಇಳಿದಿರುವ ರೀತಿ, ಇವನ್ನು ನೋಡಿ ಬಲ್ಲವರು ಕಾಲ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿಯ ದೋಸೆ ಕಾವಲಿಯನ್ನು ಯಾರೂ ಬೂದಿ ಹಾಕಿ ಉಜ್ಜುವಂತಿರಲಿಲ್ಲ. ಹೊಸದಾಗಿ ಬಂದ ಕೆಲಸದವಳು ಒಮ್ಮೆ ಉಜ್ಜಿ ಬೆಳ್ಳಗೆ ಮಾಡಿದಾಗ ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರು. ನಾಕಾಗೊ ವಿಷಯದಲ್ಲಿ ನಮ್ಮ ಯಜಮಾನರೂ ಹಾಗೆಯೇ. ಅದರ ಮೇಲೆ ಬಟ್ಟೆ ಕೂಡ ಗಟ್ಟಿಯಾಗಿ ಎಳೆಯಲು ಬಿಡುವುದಿಲ್ಲ.

ಕೊಡಗಿನ ಆ ಕತ್ತಿಯಲ್ಲಿ ನಾಲ್ಕು ಅಕ್ಷರ ಮಸುಕಾಗಿ ಉಳಿದಿದ್ದವು: 'ಬಿಶೂ ಒಸಾಫುನೆ'. ಬಿಶೂ ಅಂದರೆ ಬಿಜೆನ್ ಸೀಮೆ, ಇಂದಿನ ಒಕಾಯಾಮಾ ಪ್ರಾಂತದ ಕಡೆ. ಒಸಾಫುನೆ ಅಲ್ಲಿಯ ಕಮ್ಮಾರರ ಊರು, ಹಳೆಯ ಕತ್ತಿಗಳಲ್ಲಿ ಬಹಳ ದೊಡ್ಡ ಪಾಲು ಆ ಒಂದು ಊರಿನದೇ. ಅದರ ಕೆಳಗೆ ಕಮ್ಮಾರನ ಹೆಸರಿರಬೇಕು. ಅಲ್ಲಿ ಚಕ್ರದ ಗೆರೆಗಳಷ್ಟೇ ಇದ್ದವು. ಊರಿನ ಹೆಸರು ಉಳಿದು ಮನುಷ್ಯನ ಹೆಸರು ಹೋಗಿತ್ತು.

ಇಂಥ ಕತ್ತಿಗಳು ನಮ್ಮ ಕಡೆ ಬಂದದ್ದರಲ್ಲಿ ವಿಚಿತ್ರವೇನೂ ಇಲ್ಲ. 1945ರಲ್ಲಿ ಆಗ್ನೇಯ ಏಷ್ಯಾದಲ್ಲಿ ಜಪಾನಿ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಒಪ್ಪಿಸಿಯೇ ಶರಣಾಗಬೇಕೆಂದು ಮೌಂಟ್‌ಬ್ಯಾಟನ್ ಪಟ್ಟು ಹಿಡಿದಿದ್ದರು. ಆ ವರ್ಷ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಸಹಿ ಬಿದ್ದಾಗ ಭಾರತೀಯ ಸೇನೆಯ ಪರವಾಗಿ ಅಲ್ಲಿದ್ದವರು ಕೊಡಗಿನ ತಿಮ್ಮಯ್ಯನವರು. ಹೀಗೆ ಸಿಕ್ಕ ಕತ್ತಿಗಳಲ್ಲಿ ಹೆಚ್ಚಿನವು ಯುದ್ಧಕಾಲದಲ್ಲಿ ಕಾರ್ಖಾನೆಯ ಉಕ್ಕಿನಿಂದ ಬೇಗಬೇಗ ಮಾಡಿದವು. ಆದರೆ ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗಿಗೆ ಸೇನೆಯ ಹಿಡಿ, ಒರೆ ಹಾಕಿಸಿಕೊಂಡು ಹೊರಟಿದ್ದರು. ಹೊರಗಿನಿಂದ ಎರಡೂ ಒಂದೇ ಥರ. ವ್ಯತ್ಯಾಸ ತಿಳಿಯುವುದು ಬಿದಿರಿನ ಗೂಟ ತೆಗೆದು ಹಿಡಿ ಬಿಚ್ಚಿದಾಗಲೇ. ಆದ್ದರಿಂದ ಮನೆಯಲ್ಲಿ ಅಂಥದ್ದಿದ್ದರೆ ಮೊದಲು ಫೋಟೋ ತೆಗೆಸಿ, ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ಹುಣಸೆಹಣ್ಣು, ನಿಂಬೆಹುಳಿ, ಮರಳುಕಾಗದ, ಬ್ರಾಸೋ ಯಾವುದೂ ಅದರ ಹತ್ತಿರ ಸುಳಿಯಬಾರದು. ಹಬ್ಬಕ್ಕೆ ಮನೆಯ ಲೋಹವನ್ನೆಲ್ಲ ಬೆಳಗುವುದು ನಮ್ಮ ರಕ್ತದಲ್ಲಿದೆ, ನನಗೂ ಇದೆ. ಈ ಒಂದು ವಸ್ತುವಿನ ಮುಂದೆ ಆ ಕೈಯನ್ನು ತಡೆದುಕೊಳ್ಳಿ.

ಇನ್ನು ಕೊಳ್ಳುವವರಿಗೆ. ಮೊದಲ ವರ್ಷ ಏನೂ ಕೊಳ್ಳಬೇಡಿ. ಕತ್ತಿ ಮಾರುವವರೇ ಹೀಗೆ ಹೇಳುವುದನ್ನು ಕೇಳಿ ಗಿರಾಕಿಗಳು ಆಶ್ಚರ್ಯಪಡುತ್ತಾರೆ, ಆದರೆ ನಮ್ಮ ಯಜಮಾನರು ಹೊಸಬರಿಗೆಲ್ಲ ಹೇಳುವ ಮೊದಲ ಮಾತೇ ಇದು. ಜಪಾನಿಗೆ ಬಂದರೆ ರ್ಯೋಗೊಕುದಲ್ಲಿರುವ ಕತ್ತಿಗಳ ಮ್ಯೂಸಿಯಂಗೆ ಹೋಗಿ, ಉಎನೊದ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಿ, ಸಮಯವಿದ್ದರೆ ಒಸಾಫುನೆಗೇ ಹೋಗಿ. ಗಾಜಿನ ಮುಂದೆ ನೆಟ್ಟಗೆ ನಿಂತು ನೋಡಿದರೆ ಬರೀ ಬಿಳಿ ಉಕ್ಕು. ಮೊಣಕಾಲು ಸ್ವಲ್ಪ ಬಗ್ಗಿಸಿ, ದೀಪದ ಪ್ರತಿಬಿಂಬ ಅಲಗಿನ ಉದ್ದಕ್ಕೂ ಜಾರುವ ಹಾಗೆ ತಲೆ ಆಡಿಸಿ. ಆಗ ಬಾಯಿಯ ಅಂಚಿನಲ್ಲಿ ಮಂಜಿನಂಥ ಗೆರೆ ಏಳುತ್ತದೆ. ಅದು ಹಾಮೊನ್. ಕಮ್ಮಾರ ಅಲಗಿಗೆ ಜೇಡಿಮಣ್ಣು ಬಳಿದು, ಅಂಚಿನಲ್ಲಿ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ, ಕಾಸಿ ನೀರಿಗೆ ಅದ್ದಿದಾಗ ಅಂಚು ಬೇಗ ತಣಿದು ಗಡಸಾಗುತ್ತದೆ, ಬೆನ್ನು ನಿಧಾನ ತಣಿದು ಮೆದುವಾಗಿ ಉಳಿಯುತ್ತದೆ. ಆ ಎರಡರ ಗಡಿ ಅದು. ಉಎನೊದ ಸಂಗ್ರಹದಲ್ಲಿ 'ಮಿಕಾಜುಕಿ' ಎಂಬ ಕತ್ತಿ ಇದೆ, ಮುನೆಚಿಕ ಎಂಬ ಕಮ್ಮಾರನದು. ಬಿದಿಗೆ ತದಿಗೆಯ ಚಂದ್ರನಂಥ ಚಿಕ್ಕ ಗುರುತುಗಳು ಅದರ ಹಾಮೊನ್‌ನಲ್ಲಿ ಕಾಣುವುದರಿಂದ ಆ ಹೆಸರು. ನಾನು ಮೊದಲ ಸಲ ನೋಡಿದಾಗ ಏನೂ ಕಾಣಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ಪ್ರದರ್ಶನಕ್ಕೆ ಇಟ್ಟಾಗ ಕಂಡಿತು. ಕತ್ತಿ ಅದೇ ಇತ್ತು, ಕಣ್ಣು ಬೇರೆಯಾಗಿತ್ತು.

ಹೆಸರಿನ ಆಸೆ ಬೇಡ. ನಾಗಸೊನೆ ಕೊತೆತ್ಸು 17ನೇ ಶತಮಾನದವನು, ಮೊದಲು ಕವಚ ಮಾಡುತ್ತಿದ್ದು ಆಮೇಲೆ ಕತ್ತಿಗೆ ಕೈ ಹಾಕಿದವನು. ಅವನ ಹೆಸರು ಕೊರೆದದ್ದು ಕಂಡರೆ ಮೊದಲು ಸುಳ್ಳೆಂದೇ ತಿಳಿ ಎಂಬ ಮಾತು ಈ ವ್ಯಾಪಾರದಲ್ಲಿ ಚಾಲ್ತಿಯಲ್ಲಿದೆ. ದೊಡ್ಡ ಹೆಸರುಗಳ ಕಳ್ಳ ರುಜುವಿಗೆ ಗಿಮೆಯ್ ಎನ್ನುತ್ತಾರೆ. ಇದು ಇಂದಿನ ಮೋಸವಲ್ಲ, ನೂರಾರು ವರ್ಷಗಳಿಂದ ನಡೆದು ಬಂದದ್ದು, ಹಾಗಾಗಿ ಕಳ್ಳ ರುಜುವಿನ ಮೇಲೂ ಒಳ್ಳೆಯ ಕಪ್ಪು ತುಕ್ಕು ಇರಬಹುದು. ಇನ್ನೊಂದು ಕಡೆ, ರುಜುವೇ ಇಲ್ಲದ ಅಲಗು ಕೀಳೂ ಅಲ್ಲ. ಕುದುರೆಯ ಮೇಲೆ ಹಿಡಿಯುತ್ತಿದ್ದ ಉದ್ದನೆಯ ಕತ್ತಿಗಳನ್ನು ಮುಂದೆ ಸೊಂಟಕ್ಕೆ ಒಗ್ಗುವಂತೆ ಹಿಡಿಯ ಕಡೆಯಿಂದಲೇ ಕತ್ತರಿಸಿ ಗಿಡ್ಡ ಮಾಡಿದರು. ಹೆಸರು ಆ ತುಂಡಿನೊಡನೆ ಹೋಯಿತು. ಅತಿ ಉತ್ತಮ ಅಲಗುಗಳಲ್ಲಿ ಎಷ್ಟೋ ಹೀಗೆ ಅನಾಮಿಕ.

ಹೊಸಬರು ಪ್ರಮಾಣಪತ್ರ ಇರುವ ಕತ್ತಿಯನ್ನೇ ಕೊಳ್ಳುವುದು ಒಳ್ಳೆಯದು. 1948ರಲ್ಲಿ ಸ್ಥಾಪನೆಯಾದ ಜಪಾನಿ ಕಲಾ ಕತ್ತಿ ಸಂರಕ್ಷಣಾ ಸಂಘ, ನಾವೆಲ್ಲ ಎನ್‌ಬಿಟಿಎಚ್‌ಕೆ ಎನ್ನುವುದು, ಅಲಗನ್ನು ಪರೀಕ್ಷಿಸಿ ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ ಎಂದು ಮೇಲೇರುವ ದರ್ಜೆಗಳಲ್ಲಿ ಪತ್ರ ಕೊಡುತ್ತದೆ. ಮೊದಲ ಕತ್ತಿಗೆ ಹೊಜೊನ್ ಸಾಕು. ಪತ್ರದಲ್ಲಿ ನಾಕಾಗೊ ಫೋಟೋ ಇರುತ್ತದೆ. ಅದನ್ನು ಕೈಯಲ್ಲಿರುವ ಕತ್ತಿಯೊಡನೆ ತೂತು, ಅರದ ಗೆರೆ, ತುಕ್ಕಿನ ಕಲೆ ಒಂದೊಂದಾಗಿ ಹೋಲಿಸಿ ನೋಡಿ, ಏಕೆಂದರೆ ಒಂದು ಕತ್ತಿಯ ಪತ್ರ ಇನ್ನೊಂದರ ಜೊತೆ ಸುತ್ತುವುದುಂಟು. ನಾಕಾಗೊ ಫೋಟೋ ಕೊಡಲು ಹಿಂಜರಿಯುವವರ ಬಳಿ ವ್ಯವಹಾರವೇ ಬೇಡ. ಬಾಯಿಯಿಂದ ಅಡ್ಡಲಾಗಿ ಒಳಕ್ಕೆ ಹೋದ ಕೂದಲೆಳೆಯ ಬಿರುಕು ಇದೆಯೇ ನೋಡಿ. ಅದನ್ನು ಹಗಿರೆ ಎನ್ನುತ್ತಾರೆ, ಅದಕ್ಕೆ ಮದ್ದಿಲ್ಲ. ಉಕ್ಕಿನ ಪದರದಲ್ಲಿ ಉದ್ದಕ್ಕೆ ಬಿಟ್ಟ ಸಣ್ಣ ಸೀಳುಗಳಿಗೆ ಅಷ್ಟು ಹೆದರಬೇಕಿಲ್ಲ, ಮಡಿಸಿ ಬಡಿದ ಉಕ್ಕಿನಲ್ಲಿ ಅದು ಸಹಜ.

ಕಡಿಮೆ ಹಣದಲ್ಲಿ ಒಳ್ಳೆಯ ಕೆಲಸ ನೋಡಬೇಕೆಂದರೆ ನಾನು ವಾಕಿಜಾಶಿ ಎನ್ನುತ್ತೇನೆ. ಅಲಗು 30.3 ಸೆಂಟಿಮೀಟರಿನಿಂದ 60.6 ಸೆಂಟಿಮೀಟರಿನ ಒಳಗಿದ್ದರೆ ಅದು ವಾಕಿಜಾಶಿ, ಅದರ ಮೇಲಿದ್ದರೆ ಕತಾನಾ. ಎದೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದವರೆಗೆ, ವ್ಯಾಪಾರಿಗಳೂ ವಾಕಿಜಾಶಿ ಧರಿಸಬಹುದಿತ್ತು, ಆದ್ದರಿಂದ ಬಹಳ ಉಳಿದಿವೆ. ಎಲ್ಲರೂ ಉದ್ದದ್ದನ್ನೇ ಕೇಳುವುದರಿಂದ ಅದೇ ಕಮ್ಮಾರನ ವಾಕಿಜಾಶಿ ಅಗ್ಗಕ್ಕೆ ಸಿಗುತ್ತದೆ.

ಈಗ ನನ್ನ ಕೈಯಿಂದಾದ ತಪ್ಪು. ಕೆಲಸಕ್ಕೆ ಸೇರಿದ ಮೊದಲ ಜೂನ್, ಇಲ್ಲಿಯ ಮಳೆಗಾಲ. ದೂರದಿಂದ ಬಂದ ದಂಪತಿಗೆ ಒಂದು ಅಲಗು ತೋರಿಸುತ್ತ, ಆಗಷ್ಟೇ ಕಲಿತದ್ದನ್ನೆಲ್ಲ ಹೇಳುವ ಉತ್ಸಾಹದಲ್ಲಿ, ಅದನ್ನು ಮುಖದ ಮುಂದೆ ಹಿಡಿದುಕೊಂಡೇ ಇಪ್ಪತ್ತು ನಿಮಿಷ ಮಾತಾಡಿದೆ. ಆಮೇಲೆ ಮೇಲ್ಮೇಲೆ ಒರೆಸಿ ಒರೆಗೆ ಸೇರಿಸಿದೆ. ಮೂರು ವಾರದ ನಂತರ ಯಜಮಾನರು ಅದನ್ನು ಹೊರತೆಗೆದು ದೀಪದ ಕೆಳಗೆ ಹಿಡಿದರು. ಸಾಸಿವೆಗಿಂತ ಚಿಕ್ಕ ಮೂರು ಕಂದು ಚುಕ್ಕೆ. "ಇದರ ಮೇಲೆ ಯಾರು ಮಾತಾಡಿದರು?" ಎಂದಷ್ಟೇ ಕೇಳಿದರು. ಮಡಿಯಲ್ಲಿ ಅಡುಗೆ ಮಾಡುವಾಗ ಮಾತಾಡಬೇಡ, ಎಂಜಲು ಹಾರುತ್ತದೆ ಎಂದು ಅಜ್ಜಿ ಗದರುತ್ತಿದ್ದದ್ದು ಆ ಕ್ಷಣ ಕಿವಿಯಲ್ಲಿ ಕೇಳಿಸಿತು. ಇಲ್ಲಿಯ ಹಳಬರು ಕತ್ತಿ ನೋಡುವಾಗ ಬಾಯಲ್ಲಿ ಮಡಿಚಿದ ಕಾಗದ ಕಚ್ಚಿಕೊಳ್ಳುವುದನ್ನು ನಾನು ಬರೀ ಶಾಸ್ತ್ರ ಎಂದುಕೊಂಡಿದ್ದೆ.

ಯಜಮಾನರು ನನ್ನನ್ನು ಸಾಣೆಯವರ ಮನೆಗೆ ಕರೆದುಕೊಂಡು ಹೋದರು. ಅವರು ಚುಕ್ಕೆ ನೋಡಿ, ತೆಗೆಯಬಹುದು, ಆದರೆ ಮೂರು ಚುಕ್ಕೆಗಾಗಿ ಆ ಇಡೀ ಮುಖವನ್ನು ಒಂದು ಪದರ ಇಳಿಸಬೇಕು ಎಂದರು. ಅಲಗಿನ ಹೊರಗೆ ಗಟ್ಟಿ ಉಕ್ಕಿನ ಚರ್ಮ, ಒಳಗೆ ಮೆತ್ತನೆ ಉಕ್ಕಿನ ತಿರುಳು. ಸಾಣೆ ಹಿಡಿದಷ್ಟೂ ಚರ್ಮ ಸವೆಯುತ್ತದೆ, ತಿರುಳು ಇಣುಕಿದ ಮೇಲೆ ಆ ಕತ್ತಿ ಮುಪ್ಪಾದಂತೆ. ಅದಕ್ಕೆ ಚುಕ್ಕೆಗಳನ್ನು ಹಾಗೆಯೇ ಬಿಟ್ಟೆವು. ಕೊಂಡವರಿಗೆ ತೋರಿಸಿ, ಬೆಲೆ ಇಳಿಸಿ ಕೊಟ್ಟೆವು. ಅಂದಿನಿಂದ ನಾನು ಮೊದಲು ಮಾತು ಮುಗಿಸಿ ಆಮೇಲೆ ಕತ್ತಿ ತೆಗೆಯುತ್ತೇನೆ.

ಆರೈಕೆ ಹೆಚ್ಚೇನಿಲ್ಲ. ಒರೆಯಿಂದ ತೆಗೆಯುವಾಗ ಅಲಗಿನ ಹರಿತವಾದ ಬಾಯಿ ಮೇಲಿರಲಿ, ಬೆನ್ನಿನ ಮೇಲೆ ಭಾರ ಬಿಟ್ಟು ಒಂದೇ ಎಳೆತದಲ್ಲಿ ತೆಗೆಯಿರಿ. ಬೆರಳು ಅಲಗಿಗೆ ತಗುಲಬಾರದು. ಹಳೆಯ ಎಣ್ಣೆಯನ್ನು ಮೆತ್ತನೆಯ ಕಾಗದದಿಂದ, ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ಮೊನೆಗೆ ಒರೆಸಿ. ಸಿನಿಮಾದಲ್ಲಿ ಕಾಣುವ ಕೆಂಪು ಬಟ್ಟೆಯ ಉಂಡೆ ಉಚಿಕೊ, ಸಾಣೆಕಲ್ಲಿನ ನುಣ್ಣನೆ ಪುಡಿ. ಹೊಸಬರು ಅದನ್ನು ಮುಟ್ಟದಿರುವುದೇ ಲೇಸು. ಪದೇಪದೇ ಬಳಸಿದರೆ ಸಣ್ಣ ಗೀರುಗಳೆದ್ದು ಹಾಮೊನ್ ಮಂಕಾಗುತ್ತದೆ. ನಾವು ಈಗ ನೀರಿನಂಶವಿಲ್ಲದ ಆಲ್ಕೊಹಾಲ್ ಮತ್ತು ಹೊಸ ಮೈಕ್ರೊಫೈಬರ್ ಬಟ್ಟೆ ಬಳಸುತ್ತೇವೆ. ಮೇಲೆ ಚೋಜಿ ಎಣ್ಣೆ. ಚೋಜಿ ಎಂದರೆ ಲವಂಗ, ಆದರೆ ಇಂದು ಸಿಗುವುದು ಹೆಚ್ಚಾಗಿ ಲವಂಗದ ವಾಸನೆ ಬೆರೆಸಿದ ಖನಿಜ ಎಣ್ಣೆ. ಅದು ಸಿಗದಿದ್ದರೆ ಹೊಲಿಗೆ ಯಂತ್ರದ ತಿಳಿ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಬೇಡ, ಜಿಡ್ಡುಗಟ್ಟಿ ಧೂಳು ಹಿಡಿಯುತ್ತವೆ. ಹಚ್ಚಿದ್ದು ಕಣ್ಣಿಗೆ ಕಾಣದಷ್ಟು ತೆಳ್ಳಗಿರಬೇಕು. ಹೆಚ್ಚಾದದ್ದು ಒರೆಗೆ ಇಳಿದು ಮರವನ್ನು ಕೆಡಿಸುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು. ಹೊಸದಾಗಿ ಸಾಣೆ ಹಿಡಿಸಿದ್ದಾದರೆ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲೂ ಹಾಗೆಯೇ.

ಅಲಂಕಾರದ ಒರೆಯಲ್ಲಿ ವರ್ಷಗಟ್ಟಲೆ ಇಡಬೇಡಿ, ತೊಗಲಿನ ಒರೆಯಲ್ಲಂತೂ ಬೇಡವೇ ಬೇಡ. ವಿಶ್ರಾಂತಿಯ ಒರೆ ಎಂದರೆ ಬಣ್ಣವಿಲ್ಲದ ಬಿಳಿ ಮರದ ಶಿರಸಾಯ. ಅದರ ಮರ ಹೊನೊಕಿ, ನಮ್ಮ ಸಂಪಿಗೆಯ ಬಳಗದ್ದು, ಮೆದು, ಅಲಗನ್ನು ಗೀರುವುದಿಲ್ಲ. ಎರಡು ಹೋಳನ್ನು ಅಂಟಿಸುವುದು ಅರೆದ ಅನ್ನದಿಂದ, ಚಿಕ್ಕಂದಿನಲ್ಲಿ ಗಾಳಿಪಟ ಅಂಟಿಸಲು ನಾವು ಅಗುಳು ಒತ್ತುತ್ತಿದ್ದೆವಲ್ಲ, ಹಾಗೆ. ಒಳಗೆ ತುಕ್ಕೋ ಕಸವೋ ಸೇರಿದರೆ ಮರ ಮುರಿಯದೆ ಬಿಚ್ಚಿ, ಕೆತ್ತಿ, ಮತ್ತೆ ಅಂಟಿಸಬಹುದೆಂದೇ ಅನ್ನ. ನನಗೆ ಈ ಕಸುಬಿನಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಕಾನೂನಿನದು ಎರಡು ಮಾತು. ಜಪಾನಿನಲ್ಲಿ ಪ್ರತಿ ಕತ್ತಿಗೂ ನೋಂದಣಿ ಚೀಟಿ ಇರಬೇಕು, ಅದನ್ನು ಕೊಡುವುದು ಪೊಲೀಸರಲ್ಲ, ಪ್ರಾಂತದ ಶಿಕ್ಷಣ ಮಂಡಳಿ. ಕತ್ತಿ ಕಲಾಕೃತಿಯಾಗಿಯೇ ಅಲ್ಲಿ ದಾಖಲಾಗುವುದು. ಕೈ ಬದಲಾದ 20 ದಿನಗಳೊಳಗೆ ತಿಳಿಸಬೇಕು. ದೇಶದಿಂದ ಹೊರಗೆ ಕಳಿಸಲು ಸಂಸ್ಕೃತಿ ಇಲಾಖೆಯ ಅನುಮತಿ ಬೇಕು, ಚೀಟಿ ಹಿಂದಿರುಗಿಸಬೇಕು. ರಾಷ್ಟ್ರೀಯ ನಿಧಿ ಎಂದು ಗುರುತಿಸಿದ್ದು ಹೊರಗೆ ಹೋಗುವಂತಿಲ್ಲ. ಭಾರತಕ್ಕೆ ತರಿಸುವವರು ಹಣ ಕಟ್ಟುವ ಮೊದಲೇ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಕಸ್ಟಮ್ಸ್ ಬಗ್ಗೆ ತಮ್ಮ ಜಿಲ್ಲೆಯಲ್ಲಿ ವಿಚಾರಿಸಿಕೊಳ್ಳಿ.

ಕೊಡಗಿನ ಹುಡುಗನಿಗೆ ಆ ದಿನ ಸಂಜೆ ಬರೆದೆ. ಬೈಯಲಿಲ್ಲ, ಅವರ ಮನೆಯವರು ಅದನ್ನು ಗೌರವದಿಂದಲೇ ಮುಟ್ಟಿದ್ದರು. ಇನ್ನು ಮೇಲೆ ನಾಕಾಗೊ ಉಜ್ಜಬೇಡಿ, ಕೆಂಪು ತುಕ್ಕು ಏಳದಂತೆ ಎಣ್ಣೆಯ ಕೈ ಆಡಿಸಿ ಬಿಡಿ, ಅಲಗಿಗೆ ತೆಳುವಾಗಿ ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಅಲಗಿಗೆ ಇಡಬೇಡಿ, ಹೂವು ಪಕ್ಕದಲ್ಲಿರಲಿ ಎಂದೆ. "ಅಜ್ಜನ ಅಪ್ಪನ ಹೆಸರಾದರೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ, ಯಾವ ವರ್ಷ, ಎಲ್ಲಿಂದ ಅಂತ" ಎಂದೂ ಸೇರಿಸಿದೆ.

ಈ ಸೆಪ್ಟೆಂಬರಿನಲ್ಲಿ ಮತ್ತೆ ಫೋಟೋ ಬಂತು. ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ತೋಕ್‌ಪೂವಿನ ಅಲಂಕಾರ. ಜಪಾನಿ ಕತ್ತಿ ಒರೆಯೊಳಗೇ, ಬೇರೆ ಮಣೆಯ ಮೇಲೆ, ಮುಂದೆ ಒಂದು ಹೂವು. ಎರಡನೇ ಫೋಟೋ ನಾಕಾಗೊದ್ದು. ಚಕ್ರದ ಗೆರೆಗಳ ಮೇಲೆ ಚಹಾದ ಕಲೆಯಂಥ ತೆಳು ಕಂದು ಬಣ್ಣ ಕೂರಲು ಶುರುವಾಗಿತ್ತು. "ಇದನ್ನ ಒರೆಸಬೇಕಾ ಮೇಡಂ?" ಎಂದು ಕೇಳಿದ್ದ. ಬೇಡ, ಹಾಗೇ ಬಿಡಿ ಎಂದು ಬರೆದೆ.