ಎಡಿಟ್ ಅರ್ಧಕ್ಕೆ ಬಂದಾಗ ವರ್ಷನ್ ಬದಲಾಯಿಸುವ ಕಥೆ

ವಿಡಿಯೋ ಎಡಿಟಿಂಗ್‌ನಲ್ಲಿ ಪ್ರಾಜೆಕ್ಟ್ ಸಾಫ್ಟ್‌ವೇರ್‌ನ ಯಾವ ವರ್ಷನ್‌ನಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ಎಡಿಟರ್‌ಗಳ ನಡುವೆ ಈ ವಿಷಯದಲ್ಲಿ ಜಾಸ್ತಿ ಜಗಳ ಇಲ್ಲ. ಸಾಫ್ಟ್‌ವೇರ್ ತೆರೆದಾಗಲೆಲ್ಲ ಹೊಸ ಅಪ್‌ಡೇಟ್ ಬಂದಿದೆ ಅಂತ ಒಂದು ಪಾಪ್‌ಅಪ್ ಬರುತ್ತದೆ. ನಾವು ಕಂಡೂ ಕಾಣದವರ ಹಾಗೆ ಮುಚ್ಚುತ್ತೇವೆ. ನಿರ್ದೇಶಕಿ ಪಕ್ಕದಲ್ಲಿ ಕೂತಿದ್ದಾಗ ಮಾತ್ರ ಕಷ್ಟ. "ಹೊಸದರಲ್ಲಿ ಎಲ್ಲ ಫಾಸ್ಟ್ ಅಂತೆ, ಹಾಕ್ಕೋಬಾರ್ದಾ?" ಅನ್ನುತ್ತಾರೆ. "ಪಿಕ್ಚರ್ ಲಾಕ್ ಆಗ್ಲಿ ಮೇಡಂ, ಕಟ್ ಎಲ್ಲ ಫೈನಲ್ ಆಗ್ಲಿ" ಅಂತ ನಾನು ಜಾರಿಕೊಳ್ಳುತ್ತೇನೆ.

ಈ ಸಲ ಜಾರಿಕೊಳ್ಳಲು ಆಗಲಿಲ್ಲ. ಒಂದೂವರೆ ಗಂಟೆಯ ಡಾಕ್ಯುಮೆಂಟರಿ. ರಫ್ ಕಟ್ ಮುಗಿದು ಫೈನ್ ಕಟ್ ನಡೆಯುತ್ತಿತ್ತು. ಬಾಕಿ ಉಳಿದಿದ್ದ ಶಾಟ್‌ಗಳನ್ನು ಕ್ಯಾಮೆರಾಮನ್ ಹೊಸ ಕ್ಯಾಮೆರಾದಲ್ಲಿ ತೆಗೆದು ತಂದ, ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾದ ಸೆನ್ಸರ್ ಹಿಡಿದದ್ದು ಹೆಚ್ಚುಕಡಿಮೆ ಹಾಗೇ. ನನ್ನ ವರ್ಷನ್ ಬಂದ ಕಾಲಕ್ಕೆ ಆ ಕ್ಯಾಮೆರಾ ಹುಟ್ಟೇ ಇರಲಿಲ್ಲ. ಇಂಪೋರ್ಟ್ ಮಾಡಿದರೆ ಸದ್ದು ಬರುತ್ತದೆ, ಚಿತ್ರ ಇಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಮಾಡುವುದು ಟ್ರಾನ್ಸ್‌ಕೋಡ್. ಫೈಲನ್ನು ಎಡಿಟಿಂಗ್‌ಗೆ ಒಗ್ಗುವ ಪ್ರೋರೆಸ್ ಫಾರ್ಮ್ಯಾಟ್‌ಗೆ ತಿರುಗಿಸಿ ಟೈಮ್‌ಲೈನ್‌ಗೆ ಎಳೆದುಕೊಂಡರೆ ಆಯಿತು. ಬಹಳಷ್ಟು ಸಲ ಅಷ್ಟೇ ಸಾಕು, ಅಪ್‌ಗ್ರೇಡ್ ಗೊಡವೆಯೇ ಬೇಡ. ಆದರೆ ಬಣ್ಣ ತಿದ್ದುವ ನಮ್ಮ ಕಲರಿಸ್ಟ್ ಗೆಳೆಯ ಒಪ್ಪಲಿಲ್ಲ. "ವೈಟ್ ಬ್ಯಾಲೆನ್ಸ್ ಆಮೇಲೆ ನೋಡ್ಕೊಳ್ಳೋಣ ಅಂತಾನೇ ರಾ ತೆಗೆದಿದ್ದು. ಅದನ್ನ ನೀನೇ ಫಿಕ್ಸ್ ಮಾಡಿ ಕೊಟ್ರೆ ನನಗೇನು ಉಳೀತು ಮಾರಾಯ?" ನ್ಯಾಯವಾದ ಮಾತೇ. ಪ್ರಾಕ್ಸಿ, ಅಂದರೆ ಹಗುರವಾದ ನಕಲು ಫೈಲ್, ಇಟ್ಟುಕೊಂಡು ಕಟ್ ಮಾಡಿ, ಕಲರ್ ಹಂತದಲ್ಲಿ ರಾ ಫೈಲ್ ಜೋಡಿಸಬಹುದಿತ್ತು. ಆದರೆ ನಾವಿಬ್ಬರೂ ಒಂದೇ ಸಾಫ್ಟ್‌ವೇರ್‌ನಲ್ಲಿ ಒಂದೇ ಪ್ರಾಜೆಕ್ಟ್ ಹಂಚಿಕೊಳ್ಳುವವರು. ಅವನ ಕಡೆ ಆಗಲೇ ಹೊಸ ವರ್ಷನ್ ಇತ್ತು. ಅಂದರೆ ಕೊನೆಗೆ ಹೇಗೂ ಅಲ್ಲಿಗೆ ಹೋಗಲೇಬೇಕು. ಡೆಲಿವರಿ ಕುತ್ತಿಗೆಗೆ ಬಂದಾಗ ಹೋಗುವ ಬದಲು ಈಗಲೇ ಹೋಗುವುದು ವಾಸಿ ಅನ್ನಿಸಿತು.

ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ. ಯಾಕೆ ಅಂದರೆ ಪ್ರಾಜೆಕ್ಟ್ ಫೈಲ್‌ನಲ್ಲಿ ಸಾಮಾನ್ಯವಾಗಿ ವಿಡಿಯೋ ಇರುವುದಿಲ್ಲ. ಇರುವುದು ಒಂದು ಪಟ್ಟಿ. ಯಾವ ಫೈಲು, ಎಲ್ಲಿಂದ ಎಲ್ಲಿವರೆಗೆ, ಯಾವ ಎಫೆಕ್ಟು, ಅದನ್ನು ಎಷ್ಟು ಹಾಕಿದೆ, ಇಷ್ಟೇ. ಹೊಸ ವರ್ಷನ್ ಆ ಪಟ್ಟಿಗೆ ತನ್ನದೇ ಹೊಸ ಕಾಲಂ ಸೇರಿಸುತ್ತದೆ. ಹಳೆಯದಕ್ಕೆ ಆ ಕಾಲಂ ಓದಲು ಬರುವುದಿಲ್ಲ. ತಪ್ಪಾಗಿ ಓದಿ ಎಡಿಟ್ ಕೆಡಿಸುವ ಬದಲು ತೆರೆಯುವುದೇ ಇಲ್ಲ ಅನ್ನುತ್ತದೆ. ನನಗಂತೂ ಅದೇ ಸರಿ ಅನ್ನಿಸುತ್ತದೆ.

ಕೆಲವೊಮ್ಮೆ ಕಾರಣ ತೀರ ಚಿಕ್ಕದಿರುತ್ತದೆ. ಉಚಿತವಾಗಿ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಕೆಡೆನ್‌ಲೈವ್ 2020ರಲ್ಲಿ ತನ್ನ 20.08 ವರ್ಷನ್ ತಂದಾಗ, ಅದರಲ್ಲಿ ಮಾಡಿದ ಪ್ರಾಜೆಕ್ಟ್ ಹಳೆಯ ವರ್ಷನ್‌ಗಳಲ್ಲಿ ತೆರೆಯುವಂತಿರಲಿಲ್ಲ. ಕಾರಣ ದಶಮಾಂಶ ಚಿಹ್ನೆ. ಕೆಲವು ದೇಶಗಳಲ್ಲಿ ಒಂದೂವರೆಯನ್ನು 1.5 ಅಂತ ಬರೆಯುತ್ತಾರೆ, ಕೆಲವು ಕಡೆ 1,5 ಅಂತ. ಚುಕ್ಕಿಯೋ ಅಲ್ಪವಿರಾಮವೋ ಅನ್ನುವ ಈ ಗೊಂದಲದಿಂದ ಸಾಫ್ಟ್‌ವೇರ್ ಕ್ರ್ಯಾಶ್ ಆಗುತ್ತಿತ್ತು. ಅದನ್ನು ಬುಡದಿಂದ ಸರಿ ಮಾಡಲು ಹೋಗಿ ಹಳೆಯ ದಾರಿ ಮುಚ್ಚಿಕೊಂಡಿತು.

ದೊಡ್ಡ ಗಲಾಟೆ ಆಗಿದ್ದು 2011ರಲ್ಲಿ. ಆ ಜೂನ್‌ನಲ್ಲಿ ಫೈನಲ್ ಕಟ್ ಪ್ರೊ ಟೆನ್ ಬಂತು. ಹಿಂದಿನ ಫೈನಲ್ ಕಟ್ ಪ್ರೊ 7ರ ಪ್ರಾಜೆಕ್ಟ್ ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಹಲವು ಕ್ಯಾಮೆರಾಗಳ ಶಾಟ್ ಒಟ್ಟಿಗೆ ಇಟ್ಟು ಕಟ್ ಮಾಡುವ ಮಲ್ಟಿಕ್ಯಾಮ್ ಕೂಡ ಇರಲಿಲ್ಲ, ಅದು ಬಂದಿದ್ದು 2012ರ ಜನವರಿಯ ಅಪ್‌ಡೇಟ್‌ನಲ್ಲಿ. ಬೇಸತ್ತು ಬೇರೆ ಸಾಫ್ಟ್‌ವೇರ್‌ಗೆ ಹೋದ ಎಡಿಟರ್‌ಗಳು ಬೇಕಾದಷ್ಟು ಜನ. ಆ ಕಾಲದಿಂದ ಕೆಲಸ ಮಾಡುತ್ತಿರುವವರಿಗೆ ಅಪ್‌ಡೇಟ್ ಅಂದರೆ ಈಗಲೂ ಅನುಮಾನ.

ಡಾವಿಂಚಿ ರಿಸಾಲ್ವ್ ಬಳಸುವವರು ಇನ್ನೊಂದು ವಿಷಯ ನೆನಪಿಡಬೇಕು. ಅಲ್ಲಿ ಪ್ರಾಜೆಕ್ಟ್‌ಗಳು ಬಿಡಿ ಫೈಲ್ ಆಗಿ ಫೋಲ್ಡರ್‌ನಲ್ಲಿ ಕೂತಿರುವುದಿಲ್ಲ, ಎಲ್ಲವೂ ಒಂದು ಪ್ರಾಜೆಕ್ಟ್ ಲೈಬ್ರರಿಯಲ್ಲಿ ಇರುತ್ತವೆ. ದೊಡ್ಡ ವರ್ಷನ್ ಹಾಕಿದಾಗ ಆ ಲೈಬ್ರರಿಯನ್ನೇ ಅಪ್‌ಗ್ರೇಡ್ ಮಾಡಲಾ ಅಂತ ಕೇಳಬಹುದು. ಹೂಂ ಅಂದರೆ ಅದರೊಳಗಿನ ಎಲ್ಲ ಪ್ರಾಜೆಕ್ಟೂ ಒಟ್ಟಿಗೆ ಹೊಸ ಮನೆಗೆ. ಹಾಗಾಗಿ ಒಂದು ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿಟ್ಟರೆ ಸಾಲದು, ಇಡೀ ಲೈಬ್ರರಿಯ ಬ್ಯಾಕಪ್ ಬೇಕು. ಪ್ರೀಮಿಯರ್‌ನವರು ಸ್ವಲ್ಪ ಪುಣ್ಯವಂತರು. ಎರಡು ವರ್ಷನ್ ಒಂದೇ ಮಷಿನ್‌ನಲ್ಲಿ ಅಕ್ಕಪಕ್ಕ ಇಟ್ಟುಕೊಳ್ಳಬಹುದು. ಇನ್‌ಸ್ಟಾಲ್ ಮಾಡುವಾಗ ಹಳೆಯದನ್ನು ತೆಗೆದುಹಾಕುವ ಆಯ್ಕೆ ಟಿಕ್ ಆಗಿದೆಯಾ ಅಂತ ನೋಡಿಕೊಳ್ಳಿ, ಅಷ್ಟೇ. ಅದರ ಪ್ರಾಜೆಕ್ಟ್ ಫೈಲ್ ಅಂದರೆ ಜಿಜಿಪ್ ಮಾಡಿ ಕುಗ್ಗಿಸಿದ ಎಕ್ಸ್ಎಂಎಲ್, ಅಂದರೆ ಓದಿ ತಿದ್ದಬಹುದಾದ ಟೆಕ್ಸ್ಟ್. ಬಿಚ್ಚಿ, ಒಳಗಿನ ವರ್ಷನ್ ನಂಬರ್ ತಿದ್ದಿ ಹಳೆಯದರಲ್ಲಿ ತೆರೆಯುವ ಕಿಲಾಡಿಗಳೂ ಇದ್ದಾರೆ. ತುರ್ತಿಗೆ ಪರವಾಗಿಲ್ಲ, ಆದರೆ ಕ್ಲೈಂಟ್ ಕೆಲಸವನ್ನು ಅದರ ಮೇಲೆ ನಿಲ್ಲಿಸಲು ನನಗೆ ಧೈರ್ಯವಿಲ್ಲ.

ಅದಕ್ಕೆ ಹೊರಡುವ ಮುಂಚೆ ಹಳೆಯ ವರ್ಷನ್‌ನಿಂದಲೇ ಎಡಿಟ್‌ನ ಪಟ್ಟಿಯನ್ನು ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಎಕ್ಸ್ಎಂಎಲ್, ಎಎಎಫ್, ಇಡಿಎಲ್ ಮೂರೂ ರೂಪದಲ್ಲಿ ತೆಗೆದಿಟ್ಟೆ. ಇಡಿಎಲ್ ಅಂದರೆ ಸುಮ್ನೆ ಒಂದು ಟೆಕ್ಸ್ಟ್ ಫೈಲ್. ಟೇಪ್ ಕಾಲದ್ದು. ಕಟ್‌ಗೆ ಒಂದು ಸಾಲು, ಸಾಲಿಗೆ ನಾಲ್ಕು ಟೈಮ್‌ಕೋಡ್, ಅಂದರೆ ಫ್ರೇಮ್‌ನ ಸಮಯದ ಗುರುತು. ಕಲರ್, ಟೈಟಲ್, ಎಫೆಕ್ಟ್ ಯಾವುದೂ ಅದರಲ್ಲಿ ಬರುವುದಿಲ್ಲ, ಆದರೆ ಎಲ್ಲ ಮುಳುಗಿದರೂ ಕಟ್ ಎಲ್ಲಿತ್ತು ಅಂತ ಅದು ಹೇಳುತ್ತದೆ.

ಹೊಸ ವರ್ಷನ್ ಹಾಕಿದ್ದು ನನ್ನ ಮುಖ್ಯ ಮಷಿನ್‌ಗೆ ಅಲ್ಲ, ಇನ್ನೊಂದಕ್ಕೆ. ಯಾಕೆಂದರೆ ಬದಲಾಗುವುದು ಅದೊಂದೇ ಅಲ್ಲ. ಹೊಸ ವರ್ಷನ್‌ಗೆ ಹೊಸ ಗ್ರಾಫಿಕ್ಸ್ ಡ್ರೈವರ್ ಬೇಕು. ಕೆಲವೊಮ್ಮೆ ಹೊಸ ಆಪರೇಟಿಂಗ್ ಸಿಸ್ಟಮ್ ಕೂಡ ಬೇಕು. ಅದು ಬಂದರೆ ಹಳೆಯ ಪ್ಲಗಿನ್ ಮುನಿಸಿಕೊಳ್ಳುತ್ತದೆ. ನಮಗೂ ಹಾಗೇ ಆಯಿತು. ನಾಯ್ಸ್ ತೆಗೆಯುವ ಪ್ಲಗಿನ್ ಇದ್ದ ಕಡೆಯೆಲ್ಲ ಕೆಂಪು ಎಚ್ಚರಿಕೆ. ಅದರ ಹೊಸ ಆವೃತ್ತಿ ಹಾಕಿದ ಮೇಲೆ ಸುಮ್ಮನಾಯಿತು.

ಈಗ ಅಸಲಿ ಕೆಲಸ. ಪ್ರಾಜೆಕ್ಟ್ ತೆರೆಯಿತು, ಕ್ಲಿಪ್‌ಗಳೆಲ್ಲ ಇವೆ, ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಒಂದೂವರೆ ಗಂಟೆ ಕಣ್ಣಲ್ಲಿ ನೋಡಿ ಹಿಡಿಯಲು ಆಗದ ಬದಲಾವಣೆಗಳು ಇರುತ್ತವೆ. ಇದಕ್ಕೊಂದು ಹಳೆಯ ಉಪಾಯ ಇದೆ. ಹಳೆಯ ವರ್ಷನ್‌ನಿಂದ ಇಡೀ ಸಿನಿಮಾವನ್ನು ಪ್ರೋರೆಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಹೊಸದರ ಟೈಮ್‌ಲೈನ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಟ್ರ್ಯಾಕ್‌ನಲ್ಲಿ ಇಡಿ. ಅದರ ಬ್ಲೆಂಡ್ ಮೋಡ್ ಡಿಫರೆನ್ಸ್ ಮಾಡಿ. ಮೇಲಿನ ಪಿಕ್ಸೆಲ್‌ಗೂ ಕೆಳಗಿನದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ಬೆಳಕು ಕಾಣುತ್ತದೆ. ಎರಡೂ ಒಂದೇ ಆಗಿದ್ದರೆ ಪರದೆ ಪೂರ್ತಿ ಕಪ್ಪು. ಕಂಪ್ರೆಷನ್‌ನಿಂದಾಗಿ ಒಂದಿಷ್ಟು ಮಬ್ಬು ಮರಳು ಕಾಣಿಸುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಕಿನ ಗೆರೆ ಕಂಡರೆ ನಿಲ್ಲಿಸಿ.

ಕಪ್ಪು ಪರದೆ ನೋಡುತ್ತಾ ಕೂತೆ. ಬಹುಪಾಲು ಶುದ್ಧ ಕಪ್ಪು. ನಡುವೆ ಒಂದು ಕಡೆ ಅಜ್ಜಿಯೊಬ್ಬರ ಮುಖದ ಅಂಚು ಬೆಳ್ಳಗೆ ಮಿಂಚಿತು. ಕೈಯಲ್ಲಿ ಹಿಡಿದು ತೆಗೆದ ಶಾಟ್, ಅಲುಗಾಟ ತೆಗೆಯಲು ಸ್ಟೆಬಿಲೈಸ್ ಮಾಡಿದ್ದು. ಹೊಸ ವರ್ಷನ್ ಅದನ್ನು ಮತ್ತೆ ಲೆಕ್ಕ ಹಾಕಿ ಫ್ರೇಮನ್ನು ಒಂದಿಷ್ಟು ಜಾಸ್ತಿ ಕತ್ತರಿಸಿತ್ತು. ಇನ್ನೊಂದು ಕಡೆ ಸ್ಲೋ ಮೋಷನ್ ಶಾಟ್. ಆಪ್ಟಿಕಲ್ ಫ್ಲೋ ಅಂದರೆ ಇಲ್ಲದ ಫ್ರೇಮನ್ನು ಊಹಿಸಿ ತುಂಬುವುದು. ಇಬ್ಬರ ಊಹೆ ಒಂದೇ ಇರುವುದಿಲ್ಲ ಅಲ್ವಾ? ಇಲ್ಲಿ ಹೊಸದೇ ಚೆನ್ನಾಗಿತ್ತು, ಬೆರಳುಗಳ ಸುತ್ತ ಕಲಸಿದ ಹಾಗೆ ಕಾಣುತ್ತಿದ್ದದ್ದು ಹೋಗಿತ್ತು. ಅದನ್ನು ಹಾಗೇ ಬಿಟ್ಟೆ.

ಟೈಟಲ್‌ಗಳದ್ದು ಬೇರೆಯೇ ಕಥೆ. ಕನ್ನಡದಲ್ಲಿ ಟೈಟಲ್ ಹಾಕುವವರಿಗೆ ಈ ನೋವು ಗೊತ್ತು. ಅಕ್ಷರ ಕೂಡಿಸುವ ಎಂಜಿನ್‌ನ ಸೆಟ್ಟಿಂಗ್ ಅಪ್‌ಡೇಟ್‌ನಲ್ಲಿ ಮೊದಲಿನ ಸ್ಥಿತಿಗೆ ಹೋಗಿತ್ತು. ಒತ್ತಕ್ಷರಗಳೆಲ್ಲ ಕೆಳಗಿಂದ ಎದ್ದು ಬಂದು ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಸೆಟ್ಟಿಂಗ್ ಸರಿ ಮಾಡಿದರೆ ಅಕ್ಷರ ಕೂಡಿತು, ಆದರೆ ಸಾಲುಗಳ ನಡುವಿನ ಅಂತರ ಬದಲಾಗಿತ್ತು. ಪ್ರತಿ ಟೈಟಲನ್ನೂ ಕೈಯಾರೆ ಕೂರಿಸಬೇಕಾಯಿತು. ಇಡೀ ಬದಲಾವಣೆಯಲ್ಲಿ ಹೆಚ್ಚು ಸಮಯ ತಿಂದದ್ದು ಇದೇ. ಈಗ ಲಾಕ್ ಆದ ಟೈಟಲ್‌ಗಳನ್ನು ಹಿನ್ನೆಲೆ ಪಾರದರ್ಶಕವಾಗಿಡುವ ಆಲ್ಫಾ ಚಾನೆಲ್ ಇರುವ ಪ್ರೋರೆಸ್ 4444 ಫೈಲ್ ಆಗಿ ರೆಂಡರ್ ಮಾಡಿಟ್ಟಿದ್ದೇನೆ. ಇನ್ನು ಯಾವ ಎಂಜಿನ್ ಬದಲಾದರೂ ಅವು ಅಲ್ಲಾಡುವುದಿಲ್ಲ.

ಸದ್ದಿಗೂ ಇದೇ ಪರೀಕ್ಷೆ ಇದೆ. ಹಳೆಯ ಮಿಕ್ಸ್ ಅನ್ನು ತಿರುವುಮುರುವು ಮಾಡಿ, ಅಂದರೆ ಪೊಲಾರಿಟಿ ಇನ್ವರ್ಟ್ ಮಾಡಿ, ಹೊಸದರ ಜೊತೆ ಒಟ್ಟಿಗೆ ಬಿಟ್ಟರೆ ಎರಡೂ ಒಂದನ್ನೊಂದು ಅಳಿಸಿ ಪೂರ್ತಿ ನಿಶ್ಶಬ್ದ ಆಗಬೇಕು. ಮಾತೆಲ್ಲ ಅಳಿಸಿತು. ಎರಡು ಕಡೆ ಮಾತ್ರ ರಿವರ್ಬ್‌ನ, ಅಂದರೆ ಸದ್ದಿಗೆ ಸೇರಿಸಿದ ಅನುರಣನದ, ಬಾಲ ಕೇಳಿಸುತ್ತಿದೆ. ಕೆಲವು ರಿವರ್ಬ್‌ಗಳು ಪ್ರತಿ ಸಲ ಸ್ವಲ್ಪ ಬೇರೆ ಥರ ಓಡುತ್ತವೆ, ಹಾಗಾಗಿ ಅದು ವರ್ಷನ್‌ನ ದೋಷ ಅಂತ ಹೇಳಲು ಆಗುವುದಿಲ್ಲ. ಆ ಎರಡು ತುಣುಕುಗಳನ್ನು ಸೌಂಡ್ ಎಡಿಟರ್‌ಗೆ ಕಳಿಸಿದ್ದೇನೆ. ಅವರು ಕೇಳಿ ಹೂಂ ಅಂದರೆ ಮುಖ್ಯ ಮಷಿನ್‌ಗೂ ಹಾಕುತ್ತೇನೆ. ಅಲ್ಲಿವರೆಗೆ ಅದರ ಪಾಪ್‌ಅಪ್ ಮುಚ್ಚುವುದೇ.