ಖಿನ್ನತೆಯಲ್ಲಿರುವ ವಿಶ್ವಾಸಿಗೆ ಬೇಕಾದ ನೆರವು

ಖಿನ್ನತೆಯಿಂದ ಬಳಲುವ ಕ್ರೈಸ್ತ ವಿಶ್ವಾಸಿಗೆ ಚರ್ಚಿನ ಸಭೆಯಲ್ಲಿ ಸಾಮಾನ್ಯವಾಗಿ ಸಿಗುವ ಮೊದಲ ಬುದ್ಧಿವಾದ, ಇನ್ನಷ್ಟು ಪ್ರಾರ್ಥನೆ ಮಾಡು ಎಂಬುದು. ಹೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಆದರೆ ಆಗಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುವವರಿಗೆ ಆ ಮಾತು, ನಿನ್ನ ನಂಬಿಕೆ ಸಾಲದು ಎಂದೇ ಕೇಳಿಸುತ್ತದೆ. ಅತಿಯಾದ ಅಪರಾಧಭಾವವೂ ಈ ಕಾಯಿಲೆಯ ಒಂದು ಲಕ್ಷಣ.

ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿರುವುದು ಕನಿಷ್ಠ 2 ವಾರ ಹೆಚ್ಚುಕಡಿಮೆ ದಿನವಿಡೀ ಮುಂದುವರಿದು, ಅದರೊಂದಿಗೆ ನಿದ್ರೆ, ಹಸಿವು, ಏಕಾಗ್ರತೆಗಳೂ ಏರುಪೇರಾದಾಗ ವೈದ್ಯರು ಖಿನ್ನತೆಯನ್ನು ಗುರುತಿಸುತ್ತಾರೆ.

ಖಿನ್ನತೆಯಲ್ಲಿದ್ದಾಗ ನಾನು ಭೇಟಿಯಾದ ಕ್ರೈಸ್ತ ಆಪ್ತಸಮಾಲೋಚಕರು ಮೊದಲ ದಿನ ಬೈಬಲ್ ತೆರೆಯಲಿಲ್ಲ. ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಊಟ ಸೇರುತ್ತದೆಯೇ, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಯ ಪ್ರಶ್ನೆಯನ್ನೂ ಊಟದ ಬಗ್ಗೆ ಕೇಳಿದಷ್ಟೇ ಸಹಜವಾಗಿ ಕೇಳಿದ್ದರಿಂದ ನನಗೆ ನಿಜ ಹೇಳಲು ಸಾಧ್ಯವಾಯಿತು. ಎಲೀಯನ ಪ್ರಸಂಗವನ್ನು ಅವರು ಎತ್ತಿದ್ದು ಆಮೇಲೆ. ಬೈಬಲಿನ ಒಂದನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯದಲ್ಲಿ, ಸಾವನ್ನು ಬೇಡಿ ಮರುಭೂಮಿಯ ಗಿಡದಡಿ ಮಲಗಿದ ಆ ಪ್ರವಾದಿಯನ್ನು ದೇವದೂತನು ಗದರಿಸುವುದಿಲ್ಲ. ಎರಡು ಬಾರಿ ತಟ್ಟಿ ಎಬ್ಬಿಸಿ ಉಣ್ಣಲು ಹೇಳುತ್ತಾನೆ, ಒಂದು ಊಟಕ್ಕೂ ಮತ್ತೊಂದಕ್ಕೂ ನಡುವೆ ನಿದ್ರಿಸಲು ಬಿಡುತ್ತಾನೆ. ಈ ಭಾಗವನ್ನು ಎಷ್ಟೋ ಸಲ ಓದಿದ್ದರೂ ಅಲ್ಲಿ ದೇಹಕ್ಕೆ ಸಿಕ್ಕಿರುವ ಆರೈಕೆ ನನಗೆ ಕಂಡದ್ದು ಆಗಲೇ.

ದೇವರು ನನ್ನನ್ನು ಕೈಬಿಟ್ಟಿದ್ದಾನೆ ಎಂಬ ಯೋಚನೆಯನ್ನು ಅವರು ಕಾಗದದ ಮೇಲೆ ಬರೆಯಿಸಿ, ಅದು ಯಾವ ಹೊತ್ತಿನಲ್ಲಿ ಬಲವಾಗುತ್ತದೆ, ಅದಕ್ಕೆ ಆಧಾರವೇನು ಎಂದು ನನ್ನಿಂದಲೇ ಪರಿಶೀಲನೆ ಮಾಡಿಸಿದರು. ಜೊತೆಗೆ ಬೈಬಲಿನ 88ನೆಯ ಕೀರ್ತನೆಯನ್ನು ಓದಲು ಕೊಟ್ಟರು. ಕತ್ತಲೆಯ ಮಾತಿನಲ್ಲೇ ಮುಗಿಯುವ ಅದೂ ಒಂದು ಪ್ರಾರ್ಥನೆಯೇ.

ಸಮಾಲೋಚಕರನ್ನು ಹುಡುಕುವವರು ಅವರ ಭಕ್ತಿಯೊಂದನ್ನೇ ನೋಡದೆ ತರಬೇತಿಯನ್ನೂ ವಿಚಾರಿಸಬೇಕು. ಒಳ್ಳೆಯ ಸಮಾಲೋಚಕರು ಒಪ್ಪಿಗೆ ಪಡೆದೇ ಪ್ರಾರ್ಥಿಸುತ್ತಾರೆ, ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಕೇಳಿದ್ದನ್ನು ಪಾಸ್ಟರ್‌ಗೂ ಹೇಳುವುದಿಲ್ಲ, ಅಗತ್ಯ ಕಂಡಾಗ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರಗಳೇ ಬೇಕು. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸುವಂತೆ ಹೇಳುವವರ ಸಲಹೆಯನ್ನು, ಅದು ದೇವರ ಹೆಸರಿನಲ್ಲಿ ಬಂದರೂ, ಸ್ವೀಕರಿಸಬಾರದು. ಸಾಯುವ ಯೋಚನೆ ಬಲವಾಗಿದ್ದರೆ ಮುಂದಿನ ಭೇಟಿಗೆ ಕಾಯದೆ, ಹತ್ತಿರದವರೊಬ್ಬರನ್ನು ಕರೆದುಕೊಂಡು ತಕ್ಷಣವೇ ಆಸ್ಪತ್ರೆಗೆ ಹೋಗಬೇಕು.