ಮೇಲುಕೋಟೆ ದಾರಿಯ ಕತ್ತಾಳೆ, ಕಳ್ಳಿ, ಜಾಲಿ

ಮೇಲುಕೋಟೆ ಬಗ್ಗೆ ಹೊಸದಾಗಿ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಚೆಲುವನಾರಾಯಣನ ದರ್ಶನ ಚೆನ್ನಾಗಿ ಆಯಿತು. ಯೋಗಾನರಸಿಂಹನ ಬೆಟ್ಟ ಹತ್ತಿದೆವು, ಮಂಡಿ ಹಿಡಿದುಕೊಂಡಿತು. ಪುಳಿಯೋಗರೆ ತಿಂದೆವು, ಎಣ್ಣೆ ಜಾಸ್ತಿ. ಕಲ್ಯಾಣಿ ಹತ್ತಿರ ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವವರ ಗಲಾಟೆ. ಅಷ್ಟೇ. ನನಗೆ ಬರೆಯಬೇಕು ಅನ್ನಿಸಿದ್ದು ವಾಪಸ್ ಬರುವಾಗ, ಜಕ್ಕನಹಳ್ಳಿ ಕಡೆ, ಒಂದು ಹೊಲದ ಬದುವಿನ ಮೇಲೆ ಕೂತು ಕಳೆದ ಮಧ್ಯಾಹ್ನದ ಬಗ್ಗೆ.

ಮೈಸೂರಿನಿಂದ ಹೊರಟರೆ ಶ್ರೀರಂಗಪಟ್ಟಣ ದಾಟಿ ಪಾಂಡವಪುರದವರೆಗೂ ಭತ್ತ, ಕಬ್ಬು, ಭತ್ತ, ಕಬ್ಬು. ಎಲ್ಲ ಕನ್ನಂಬಾಡಿ ನೀರಿನ ಕೃಪೆ. ಮಂಡ್ಯ ಅಂದರೆ ಇಷ್ಟೇ ಅಂದುಕೊಂಡವರೇ ಜಾಸ್ತಿ. ನಾಲೆ ನೀರು ಹತ್ತದ ಎತ್ತರಕ್ಕೆ ಬಂದ ಕೂಡಲೇ ನೆಲವೇ ಬೇರೆ. ಕೆಂಪು ಗರಸು ಮಣ್ಣು, ಬಂಡೆ, ಹುರುಳಿ ಹೊಲ, ಬದುವಿನ ಉದ್ದಕ್ಕೂ ಜಾಲಿ ಮರ. ಬೃಂದಾವನದ ಬಣ್ಣದ ಕಾರಂಜಿಗಿಂತ ನನಗೆ ಇದೇ ಇಷ್ಟ. ಇವರು ಮಾತ್ರ ಒಪ್ಪುವುದಿಲ್ಲ, "ಒಣಗಿದ ಊರಲ್ಲಿ ಏನಿದೆ ನೋಡೋಕೆ" ಅನ್ನುತ್ತಾರೆ.

ಹಾಗೆ ಅನ್ನುತ್ತಿರುವಾಗಲೇ ಸ್ಕೂಟರ್ ಓಲಾಡಿತು. ಹಿಂದಿನ ಚಕ್ರಕ್ಕೆ ಸೀಮೆಜಾಲಿ ಮುಳ್ಳು. ಬಳ್ಳಾರಿ ಜಾಲಿ ಅಂತಲೂ ಅಂತಾರಲ್ಲ, ಅದೇ. ಅಮೆರಿಕ ಖಂಡದ ಗಿಡ. ಬರಡು ನೆಲ ಹಸಿರಾಗಲಿ, ಸೌದೆ ಸಿಗಲಿ ಅಂತ ನಮ್ಮ ದೇಶಕ್ಕೆ ತಂದರು. ಸೌದೆ, ಇದ್ದಿಲು ಎರಡಕ್ಕೂ ಒಳ್ಳೆಯದೇ. ಆದರೆ ಅದರ ಸಿಹಿ ಕಾಯಿ ತಿಂದ ಮೇಕೆ ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಹಾಕುತ್ತವೆ. ಕೆರೆ ಅಂಗಳ, ರಸ್ತೆ ಬದಿ, ಎಲ್ಲಿ ನೋಡಿದರೂ ಅದೇ.

ಅತ್ತ ಬಂದ ಲಗೇಜ್ ಆಟೋದವರು ಸ್ಕೂಟರನ್ನೂ ಇವರನ್ನೂ ಹತ್ತಿಸಿಕೊಂಡು ಪಂಕ್ಚರ್ ಅಂಗಡಿಗೆ ಹೋದರು. ನನಗೆ ಜಾಗ ಇರಲಿಲ್ಲ. ಹೊಂಗೆ ಮರದ ಕೆಳಗೆ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಕೂತಿದ್ದರು. ನಾನೂ ಹೋಗಿ ಕೂತೆ.

"ಎಲ್ಲಾಯ್ತವ್ವ ನಿಮ್ಗೆ?"

ಮೈಸೂರು ಅಂದೆ. ಮಕ್ಕಳೆಷ್ಟು, ಮನೆ ಸ್ವಂತದ್ದಾ, ಎಲ್ಲ ವಿಚಾರಣೆ ಆಯಿತು. ಸುಮ್ನೆ ಮಾತಿಗೆ ಅಂತ ಬೇಲಿಯಲ್ಲಿದ್ದ ಕತ್ತಾಳೆ ತೋರಿಸಿ, ಮೈಸೂರಿನ ನರ್ಸರಿಯಲ್ಲಿ ಇದನ್ನೇ ಪಿಂಗಾಣಿ ಕುಂಡದಲ್ಲಿಟ್ಟು ₹600ಕ್ಕೆ ಮಾರುತ್ತಾರೆ ಅಂದೆ.

ಅಜ್ಜಿ ನಕ್ಕ ನಗುವಿಗೆ ಮೇಕೆಗಳು ತಲೆ ಎತ್ತಿ ನೋಡಿದವು. "ಆರ್ನೂರ್ ರುಪಾಯಾ? ಕತ್ತಾಳ್ಗಾ? ಅದೇನು ಚಿನ್ನ ಬುಡ್ತದಾ?"

ಆಮೇಲೆ ಶುರುವಾಯಿತು ನೋಡಿ. ಅವರ ಕಾಲದಲ್ಲಿ ಕತ್ತಾಳೆ ಪಟ್ಟೆ ಕೊಯ್ದು, ಕಟ್ಟು ಕಟ್ಟಿ, ಕೆರೆ ನೀರಲ್ಲಿ ಕಲ್ಲು ಹೇರಿ ಮುಳುಗಿಸುತ್ತಿದ್ದರಂತೆ. ಕೊಳೆತ ಮೇಲೆ ತೆಗೆದು ಕಲ್ಲಿನ ಮೇಲೆ ಬಡಿದು, ಜಾಲಿಸಿ, ಒಣಗಿಸಿದರೆ ಬೆಳ್ಳಗೆ ನಾರು. "ಆ ನಾತ ಇತ್ತಲ್ಲ, ಮೂರ್ ದಿನ ಕೈಲಿ ಉಣ್ಣಕ್ಕಾಗ್ತಿರ್ಲಿಲ್ಲ. ಹಸೀದು ಬಡುದ್ರೆ ರಸ ತಾಕಿ ಮೈಯೆಲ್ಲ ನವೆ." ಬಾವಿ ಹಗ್ಗ, ದನದ ಕಣ್ಣಿ, ಹುಲ್ಲಿನ ಹೊರೆ ಕಟ್ಟುವ ಹಗ್ಗ, ಎಲ್ಲ ಮನೆಯಲ್ಲೇ ಹೊಸೆದದ್ದು. ಈಗ? "ನೈಲಾನ್ ಬಂದ್ಬುಡ್ತಲ್ಲವ್ವ. ದನೀನ್ ಕತ್ತು ಉಜ್ಜೋಯ್ತದೆ, ಯಾರ್ ಕೇಳಾರು?"

ಕತ್ತಾಳೆ ಮೂಲ ಮೆಕ್ಸಿಕೋ. ವರ್ಷಗಟ್ಟಲೆ ಸುಮ್ಮನಿದ್ದು, ಒಂದೇ ಸಲ ಮರದೆತ್ತರ ದಿಂಡು ಹೊರಡಿಸಿ, ಹೂ ಬಿಟ್ಟು ಸಾಯುತ್ತದೆ. ಅಷ್ಟರಲ್ಲಿ ಬುಡದ ಸುತ್ತ ಮರಿಗಳು ಎದ್ದಿರುತ್ತವೆ. ಒಣಗಿದ ದಿಂಡನ್ನು ಅಜ್ಜಿ ಮನೆಯಲ್ಲಿ ಚಪ್ಪರಕ್ಕೆ ಗಳು ಮಾಡಿದ್ದಾರಂತೆ, ಹಗುರ ಅಂತ. ನೀರಿಲ್ಲದೆ ಇದು ಹೇಗೆ ಬದುಕುತ್ತದೆ ಅಂದರೆ, ಬಿಸಿಲು ಹೊತ್ತಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ಮಾತ್ರ ತೆರೆಯುತ್ತದೆ. ಒಳಗಿನ ನೀರು ಅಷ್ಟಾಗಿ ಆವಿಯಾಗುವುದಿಲ್ಲ. ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ತಿಂಗಳುಗಟ್ಟಲೆ ಹಸಿರಾಗಿರುವುದೂ ಇದೇ ಉಪಾಯದಿಂದ. ಇಂಥ ಗಿಡಕ್ಕೆ ದಿನಾ ನೀರು ಸುರಿದು ಬೇರು ಕೊಳೆಸಿ, "ನಮ್ಮನೇಲಿ ಬರೋದೇ ಇಲ್ಲ" ಅನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಕಡ್ಡಿ ಕಡ್ಡಿಯಾಗಿ ಎಲೆಯೇ ಇಲ್ಲದ ಕಳ್ಳಿಯನ್ನು ಮುರಿಯಲು ಹೋದೆ. ಅಜ್ಜಿ ಗದರಿದರು. "ಮುಟ್ಬ್ಯಾಡ! ಹಾಲು ಕಣ್ಣಿಗ್ ಬಿದ್ರೆ ಕಣ್ಣೇ ಹೋಯ್ತದೆ." ಹಾಲು ಅಷ್ಟು ಖಾರ ಅಂತಲೇ ಮೇಕೆ ಬಾಯಿ ಹಾಕುವುದಿಲ್ಲ, ಅದಕ್ಕೇ ಬೇಲಿಗೆ ಅದು. ಮೇಕೆ ದೊಡ್ಡಿಗೆ ಮಾತ್ರ ಕರಿಜಾಲಿ ಮುಳ್ಳು ಕಡಿದು ಸುತ್ತ ಒಟ್ಟಬೇಕಂತೆ, ತೋಳ ನುಗ್ಗದ ಹಾಗೆ. ಇಲ್ಲಿ ತೋಳ ಎಲ್ಲಿ ಅಂತ ನಗಬೇಡಿ, 1974ರಲ್ಲೇ ಮೇಲುಕೋಟೆ ಸುತ್ತಿನ ಗುಡ್ಡಗಳನ್ನು ತೋಳಗಳಿಗಾಗಿ ಅಭಯಾರಣ್ಯ ಮಾಡಿದ್ದಾರೆ. ಕರಿಜಾಲಿಯ ಕಾಯಿ ಮೇಕೆಗೆ, ಕಡ್ಡಿ ಹಲ್ಲುಜ್ಜಲು, ದಿಮ್ಮಿ ಗಾಡಿ ಚಕ್ರಕ್ಕೆ ಮತ್ತು ನೇಗಿಲಿಗೆ. ತಂಗಡಿ ತೊಗಟೆ ಚರ್ಮ ಹದ ಮಾಡುವವರಿಗೆ. ನಾವು ಕೂತಿದ್ದ ಹೊಂಗೆಯ ಬೀಜ ದೀಪದೆಣ್ಣೆಗೆ, ಹಿಂಡಿ ಹೊಲಕ್ಕೆ.

ಆಚೆ ಬದುವಿನಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಬನ್ನಿ ಮರ. ಅದನ್ನು ಕಡಿಯುತ್ತೀರಾ ಅಂತ ಕೇಳಿದೆ. "ಸಾಮಿ ಮರ, ಬುಡಕ್ಕೆ ಮಚ್ಚು ಮುಟ್ಟುಸ್ತಾರಾ? ಬ್ಯಾಸಿಗೇಲಿ ಮೇಕೆಗೆ ಏನೂ ಇಲ್ದಾಗ ವಸಿ ರೆಂಬೆ ಸವರ್ಕತೀವಿ. ಅದ್ಕೆ ಸಾಮಿ ಏನೂ ಅನ್ನಕಿಲ್ಲ."

ಇದನ್ನು ಕೇಳಿ ನನಗೆ ರಾಜಸ್ಥಾನ ನೆನಪಾಯಿತು. ಅಲ್ಲಿ ಬನ್ನಿಗೆ, ಅಂದರೆ ಶಮಿಗೆ, ಖೇಜ್ರಿ ಅಂತಾರೆ. ಮರುಭೂಮಿಯಲ್ಲೂ ರೆಂಬೆ ಸವರಿ ಒಂಟೆ, ಮೇಕೆಗೆ ಹಾಕುತ್ತಾರೆ, ಮರದ ಕೆಳಗೇ ಸಜ್ಜೆ ಬೆಳೆಯುತ್ತಾರೆ. ಎಳೆ ಕಾಯಿ ಒಣಗಿಸಿದರೆ ಸಾಂಗ್ರಿ. ಜೋಧಪುರದಲ್ಲಿ ಅದರ ಪಲ್ಯ ತಿಂದೆ. ಹುಳಿ, ಖಾರ ಎರಡೂ ನನ್ನ ನಾಲಿಗೆಗೆ ಒಗ್ಗಿತು, ಇವರಿಗೆ ಇಲ್ಲ. 1868-69ರ ಬರಗಾಲದಲ್ಲಿ ಜನ ಅದರ ತೊಗಟೆಯನ್ನೇ ಪುಡಿ ಮಾಡಿ ತಿಂದು ಜೀವ ಉಳಿಸಿಕೊಂಡರು. ಜೋಧಪುರದ ಹತ್ತಿರ ಖೇಜರ್ಲಿ ಅನ್ನುವ ಊರಿದೆ. 1730ರಲ್ಲಿ ಅರಮನೆಯ ಕೆಲಸಕ್ಕೆ ಮರ ಕಡಿಯಲು ಬಂದಾಗ ಅಮೃತಾದೇವಿ ಮರ ತಬ್ಬಿಕೊಂಡು ನಿಂತಳು. ಅವಳೂ ಸೇರಿ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ನಾನು ಹುಟ್ಟಿ ಬೆಳೆದ ಮೈಸೂರಿನಲ್ಲಿ ಜಂಬೂ ಸವಾರಿ ಮುಗಿಯುವುದೇ ಬನ್ನಿಮಂಟಪದಲ್ಲಿ. ಆದರೂ ಬನ್ನಿಯನ್ನು ಮೇಕೆ ತಿನ್ನುತ್ತದೆ ಅಂತ ಗೊತ್ತಾಗಿದ್ದು ಈ ಅಜ್ಜಿಯಿಂದ. ಅವರಿಗೆ ಖೇಜರ್ಲಿ ಕಥೆ ಹೇಳಿದೆ. ಸ್ವಲ್ಪ ಹೊತ್ತು ಕೇಳಿ, "ಮೇಕೆಗೆ ಸೊಪ್ಪು ಹಾಕೋರಿಗೇ ಗೊತ್ತು ಕಣವ್ವ ಅದ್ರ ಬೆಲೆ" ಅಂದು, ಹುರುಳಿ ಹೊಲಕ್ಕೆ ನುಗ್ಗಿದ್ದ ಹೋತವನ್ನು ಬೈಯುತ್ತಾ ಎದ್ದು ಹೋದರು.

ಇವರು ಬಂದರು. ಎರಡು ಮೈಲಿ ಹೋಗಿರಲಿಲ್ಲ, ಅದೇ ಚಕ್ರ ಮತ್ತೆ ಪಂಕ್ಚರ್! ಅಂಗಡಿಯವನು ಟ್ಯೂಬಿಗೆ ತೇಪೆ ಹಾಕಿದ್ದ, ಟೈರ್ ಒಳಗೆ ಮುರಿದು ಕೂತಿದ್ದ ಮುಳ್ಳಿನ ತುದಿಯನ್ನು ತೆಗೆದೇ ಇರಲಿಲ್ಲ. ದುಡ್ಡು ಮಾತ್ರ ಪೂರ್ತಿ ತಗೊಂಡಿದ್ದ. ಆ ಕಡೆ ಟ್ಯೂಬ್ ಟೈರಿನ ಗಾಡಿಯಲ್ಲಿ ಹೋಗುವವರು ಇದನ್ನು ನೆನಪಿಡಿ: ಟೈರ್ ಒಳಗಡೆ ಬಟ್ಟೆ ಚೂರಿನಿಂದ ಸುತ್ತ ಸವರಿಸಿ. ಮುಳ್ಳಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎದುರಿಗೇ ನಿಂತು ಮಾಡಿಸಿ.

ಎರಡನೇ ಸಲ ನಿಂತ ಜಾಗದಲ್ಲೂ ಕತ್ತಾಳೆ ಬೇಲಿ ಇತ್ತು. ಹೊಲದವರನ್ನು ಕೇಳಿ ಎರಡು ಮರಿ ಕಿತ್ತುಕೊಂಡೆ. ಮರಳು ಜಾಸ್ತಿ ಹಾಕಿ, ತಳಕ್ಕೆ ತೂತಿರುವ ಕುಂಡದಲ್ಲಿ ನೆಟ್ಟಿದ್ದೇನೆ. ಮಣ್ಣು ಪೂರ್ತಿ ಒಣಗಿದ ಮೇಲೇ ನೀರು. ನೀವೂ ತಂದರೆ ಮಕ್ಕಳು ಓಡಾಡುವ ಕಡೆ ಇಡಬೇಡಿ, ತುದಿಯ ಮುಳ್ಳು ಸರಿಯಾಗಿ ಅವರ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಉಗುರು ಕತ್ತರಿಸುವ ಕಟರ್‌ನಲ್ಲಿ ಆ ತುದಿ ಚಿವುಟಿಬಿಡಿ, ಗಿಡಕ್ಕೇನೂ ಆಗುವುದಿಲ್ಲ.